ಎರಡು ಐಡಿ ಅಂದ್ರ ಎರಡು ಮಂದಿ ಇರ್ಬೇಕ್ರಿ

ಡಿಸೆಂಬರ್ ಬಂತಂದ್ರ ನಮ್ಮ ಕಲಬುರಗಿ ಕಡೆ ತೊಗರಿ ರಾಶಿ ಶುರು, ಗಂಜ್‌ನಾಗ (ಎಪಿಎಂಸಿ ಮಾರ್ಕೆಟಿನ್ಯಾಗ) ಆವಕ ಜೋರು, ದಾಲ್ ಮಿಲ್ಲುಗಳು ರಾತ್ರಿ ತನಾ ನಡೀತಾವ, ಮತ್ತ ಇದೇ ಹೊತ್ತಿನ್ಯಾಗ ಒಂದೊಂದು ಮಿಲ್ಲಿನ ಕರೆಂಟ್ ಅಕೌಂಟಿನಿಂದ ದಿನಾ ಲಕ್ಷಗಟ್ಟಲೆ ರೊಕ್ಕ ಹೋಗ್ತದ ಬರ್ತದ. ಅಡತಿ ಅಂಗಡಿಗಳಿಗೆ ಹಾಕೋದು, ಲಾರಿ ಬಾಡಗಿ, ಚೀಲದವರಿಗೆ, ಹಮಾಲರ ಪಗಾರ, ಕರೆಂಟ್ ಬಿಲ್ಲು, ಟ್ಯಾಕ್ಸು. ಮೊದ್ಲು ಇದೆಲ್ಲಾ ಚೆಕ್ಕಿನ ಮ್ಯಾಲ ನಡೀತಿತ್ತು, ಈಗ ಸುಮಾರು ಎಲ್ಲಾ ಕಾರ್ಪೊರೇಟ್ ನೆಟ್‌ಬ್ಯಾಂಕಿಂಗ್ ಮ್ಯಾಲ. ನಾನು ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡೆ ಕೆಲವು ಮಿಲ್ಲುಗಳ ಲೆಕ್ಕಪತ್ರ ನೋಡ್ಕೋತೀನಿ, ಹಂಗಾಗಿ ಈ ನೆಟ್‌ಬ್ಯಾಂಕಿಂಗ್ ಹೆಂಗ ನಡಸ್ತಾರ ಅನ್ನೋದು ಒಳಗಿಂದ ಕಾಣ್ತದ, ಕಂಡದ್ದು ನೋಡಿ ಸೀಜನ್ ಶುರು ಆಗೋ ಮೊದ್ಲೇ ಇದನ್ನ ಬರೀಬೇಕು ಅನಿಸ್ತು.

ಹೊಸ ಮಿಲ್ಲಿಗೆ ಹೋದ್ರ ನಾನು ಮೊದ್ಲು ಕೇಳೋದು ಒಂದೇ ಮಾತು. ನಿಮ್ಮಲ್ಲಿ ಮೇಕರ್ ಯಾರು, ಚೆಕರ್ ಯಾರು?

ಗೊತ್ತಿಲ್ದವರಿಗೆ ಜರಾ ಹೇಳ್ತೀನಿ. ನಮ್ಮ ಸ್ವಂತ ಸೇವಿಂಗ್ ಅಕೌಂಟಿನ ನೆಟ್‌ಬ್ಯಾಂಕಿಂಗ್‌ನಾಗ ಒಬ್ಬರೇ ಲಾಗಿನ್ ಆಗಿ ಒಬ್ಬರೇ ರೊಕ್ಕ ಕಳಿಸ್ತೀವಿ. ಕಾರ್ಪೊರೇಟ್‌ದಾಗ ಹಂಗಿಲ್ಲ. ಬ್ಯಾಂಕಿನವರು ಫರ್ಮ್‌ಗೆ ಒಂದು ಕಾರ್ಪೊರೇಟ್ ಐಡಿ ಕೊಡ್ತಾರ, ಅದರ ಕೆಳಗ ಬ್ಯಾರೆ ಬ್ಯಾರೆ ಯೂಸರ್ ಐಡಿ ಮಾಡಿ ಕೊಡ್ತಾರ. ಒಬ್ಬ ಯೂಸರ್ ಪೇಮೆಂಟ್ ಎಂಟ್ರಿ ಹಾಕ್ತಾನ, ಅವ ಮೇಕರ್. ಎಂಟ್ರಿ ಹಾಕಿದ ಕೂಡ್ಲೇ ರೊಕ್ಕ ಹೋಗಂಗಿಲ್ಲ, ಅಲ್ಲೇ ಪೆಂಡಿಂಗ್ ನಿಂತಿರ್ತದ. ಇನ್ನೊಬ್ಬ ಯೂಸರ್ ತನ್ನ ಐಡಿಯಿಂದ ಲಾಗಿನ್ ಆಗಿ, ನೋಡಿ, ಅಪ್ರೂವ್ ಕೊಟ್ಟ ಮ್ಯಾಲನೇ ಹೋಗ್ತದ, ಅವ ಚೆಕರ್, ಕೆಲವು ಬ್ಯಾಂಕಿನವರು ಆಥರೈಸರ್ ಅಂತಾರ. ಹೊಸ ಪಾರ್ಟಿ ಹೆಸರು ಸೇರಿಸ್ಬೇಕಂದ್ರೂ ಇದೇ ರೀತಿ ಇಟ್ಕೋಬಹುದು. ಲೆಕ್ಕ ಬರಿಯವರಿಗೆ, ಸಿಎ ಆಫೀಸಿನವರಿಗೆ ಬರೀ ಸ್ಟೇಟ್‌ಮೆಂಟ್ ನೋಡೋ ಐಡಿ ಬ್ಯಾರೆ ಸಿಗ್ತದ, ಅದ್ರಾಗ ರೊಕ್ಕ ಕಳಿಸ್ಲಿಕ್ಕೆ ಬರೋದೇ ಇಲ್ಲ.

ಇಷ್ಟು ಚಂದ ವ್ಯವಸ್ಥೆ ಅದ. ಆದ್ರ ನಮ್ಮ ಕಡೆ ಏನಾಗ್ಯಾದ ಅಂದ್ರ, ಸಾವಕಾರ್ರು ಮುಂಜಾನೆ ಗಂಜಿಗೆ ಹೋಗಿ ಬಿಡ್ತಾರ, ಅಲ್ಲಿ ಲಿಲಾವು ನಡದಿರ್ತದ, ಅವರಿಗೆ ಪುರಸೊತ್ತಿಲ್ಲ, ಅದಕ್ಕ ಎರಡೂ ಐಡಿ ಎರಡೂ ಪಾಸ್‌ವರ್ಡ್ ಮುನೀಮರ ಕೈಯಾಗೇ ಕೊಟ್ಟು 'ನೀನೇ ಮಾಡ್ಕೋಪಾ' ಅಂತಾರ. ಮುನೀಮರು ಒಂದೇ ಕಂಪ್ಯೂಟರಿನ್ಯಾಗ ಮೇಕರ್ ಆಗಿ ಎಂಟ್ರಿ ಹಾಕ್ತಾರ, ಲಾಗೌಟ್ ಆಗಿ ಚೆಕರ್ ಆಗಿ ಒಳಗ ಬರ್ತಾರ, ಸಾವಕಾರ್ರಿಗೆ ಫೋನ್ ಹಚ್ಚಿ 'ಓಟಿಪಿ ಬಂದದ ಹೇಳ್ರಿ' ಅಂತಾರ, ಸಾವಕಾರ್ರು ಆ ಗದ್ದಲದಾಗ ಮೆಸೇಜ್ ಪೂರ್ತಿ ಓದ್ದೇ ಆರು ನಂಬರ್ ಹೇಳಿ ಫೋನ್ ಇಡ್ತಾರ. ಎಷ್ಟು ರೊಕ್ಕ, ಯಾರಿಗೆ, ಯಾವ ಅಕೌಂಟಿಗೆ, ಏನೂ ನೋಡಿರಂಗಿಲ್ಲ. ಬ್ಯಾಂಕಿನ ರೆಕಾರ್ಡಿನ್ಯಾಗ ಎರಡು ಮಂದಿ ಕೂಡಿ ಮಾಡ್ಯಾರ ಅಂತ ಇರ್ತದ, ಖರೇ ಅಂದ್ರ ಒಬ್ಬರೇ ಮಾಡ್ಯಾರ.

ಇದೇ ಸಾವಕಾರ್ರು ಕಾಂಟಾದ ಮ್ಯಾಲ ಲಾರಿ ತೂಗೋ ಹೊತ್ತಿಗೆ ಮಾಲು ತಂದವನಿಗೆ 'ತೂಕ ನೀನೇ ನೋಡಿ ನೀನೇ ಚೀಟಿ ಬರಕೋ' ಅಂತ ಎಂದಾದ್ರೂ ಅಂತಾರೇನ್ರಿ? ತಮ್ಮ ಮನುಷ್ಯ ಒಬ್ಬ ಅಲ್ಲಿ ನಿಂತೇ ನಿಂದಿರ್ತಾನ. ಕಾಂಟಾಕ್ಕ ಇರೋ ಕಾಳಜಿ ಅಕೌಂಟಿಗೆ ಯಾಕಿಲ್ಲ ಅಂತ ನಾ ಕೇಳೋದು.

'ನಮ್ಮ ಮುನೀಮ್ರು ಭಾಳ ವರ್ಷದಿಂದ ಅದಾರ, ಮನಿ ಮಗ ಇದ್ದಂಗ, ಅವರ ಮ್ಯಾಲ ನಂಬಿಕಿ ಇಲ್ಲೇನು' ಅಂತ ಭಾಳ ಮಂದಿ ಸಿಟ್ಟಾಗ್ತಾರ. ನಂಬಿಕಿ ಪ್ರಶ್ನೆನೇ ಅಲ್ರಿ ಇದು. ಮುನೀಮರ ಕಂಪ್ಯೂಟರಿನ್ಯಾಗ ಒಂದು ಕೆಟ್ಟ ಸಾಫ್ಟ್‌ವೇರ್ ಕುಂತ್ರ, ಅದು ಅವರು ಟೈಪ್ ಮಾಡಿದ ಒಂದೊಂದು ಅಕ್ಷರಾನೂ ಎತ್ಕೊಂಡು ಹೋಗ್ತದ, ಆಗ ಕಳ್ಳಗ ಒಂದಲ್ಲ, ಎರಡೂ ಐಡಿ ಒಂದೇ ಕಡೆ ಸಿಕ್ಕಂಗ. ಮತ್ತ ಏನಾದ್ರೂ ಆಯ್ತಂದ್ರ ಪೊಲೀಸರು ಮೊದ್ಲು ಯಾರ್ನ ಕೂಡಿಸಿ ಕೇಳ್ತಾರ? ಮುನೀಮ್ರನ್ನೇ. ತಿಂಗಳ ಪಗಾರದ ಮ್ಯಾಲ ಜೀವನಾ ಮಾಡೋ ಮನುಷ್ಯಾ, ಏನೂ ತಪ್ಪು ಮಾಡಿರಂಗಿಲ್ಲ, ಎರಡೂ ಪಾಸ್‌ವರ್ಡ್ ತನ್ನ ಹತ್ರ ಇದ್ದವು ಅನ್ನೋ ಒಂದೇ ಕಾರಣಕ್ಕ ಠಾಣೆ ಮೆಟ್ಟಲ ಹತ್ತಬೇಕು. ಮನಿ ಮಗ ಇದ್ದಂಗ ಅಂತೀರಂದ್ಮ್ಯಾಲ ಅವನನ್ನ ಆ ಹೊರಿಯಿಂದ ದೂರ ಇಡ್ರಿ, ಚೆಕರ್ ಐಡಿ ನೀವು ಇಟ್ಕೋರಿ. ನಾ ಖುದ್ದು ಯಾವ ಮಿಲ್ಲಿನ ಲೆಕ್ಕ ನೋಡಿದ್ರೂ ನೋಡೋ ಐಡಿ ಬಿಟ್ಟು ಇನ್ನೊಂದು ತಗೋಳೋದೇ ಇಲ್ಲ, ಕೊಟ್ರೂ ಬ್ಯಾಡ ಅಂತೀನಿ.

ಇನ್ನ ಚೆಕರ್ ಏನು ನೋಡ್ಬೇಕು. ದಿನಕ್ಕ ಎರಡು ಹೊತ್ತು ಗೊತ್ತು ಮಾಡ್ಕೋರಿ, ಮಧ್ಯಾಹ್ನ ಊಟದ ಮೊದ್ಲು ಒಮ್ಮೆ, ಸಂಜಿಗೆ ಒಮ್ಮೆ, ತನ್ನದೇ ಫೋನು ಇಲ್ಲಾ ತನ್ನದೇ ಲ್ಯಾಪ್‌ಟಾಪಿನ್ಯಾಗ ಕುಂತು ಪೆಂಡಿಂಗ್ ಇದ್ದ ಎಂಟ್ರಿ ಒಂದೊಂದೇ ತೆಗೀಬೇಕು. ಬಿಲ್ಲು ಇಲ್ಲಾ ಸೌದಾ ಚೀಟಿ ಮುಂದ ಇಟ್ಕೊಂಡು ಹೆಸರು, ಅಕೌಂಟ್ ನಂಬರ್, ಐಎಫ್‌ಎಸ್‌ಸಿ (ಬ್ರಾಂಚಿನ ಕೋಡ್), ರಕಮು ನೋಡ್ಬೇಕು, ಅಕೌಂಟ್ ನಂಬರಿನ ಕೊನೀ ನಾಲ್ಕು ಅಂಕಿ ನೋಡಿ ಬಿಟ್ರ ಸಾಲದು, ಪೂರ್ತಿ ಓದ್ಬೇಕು. ಓಟಿಪಿ ಮೆಸೇಜಿನ್ಯಾಗ ಸಾಮಾನ್ಯವಾಗಿ ರಕಮು ಬರೆದಿರ್ತದ, ಅದನ್ನ ಓದಿ ಆಮ್ಯಾಗ ಹೊಡೀಬೇಕು. ಫೋನಿನ್ಯಾಗ ಬಾಯಿಂದ ಓಟಿಪಿ ಹೇಳೋ ಪದ್ಧತಿ ಬಿಡಲೇಬೇಕು, ಮಗ ಕೇಳಿದ್ರೂ ಹೇಳಬಾರ್ದು, ಯಾಕಂದ್ರ ಇವತ್ತು ಮುನೀಮರಿಗೆ ಹೇಳೋ ರೂಢಿ ಬಿದ್ರ ನಾಳೆ ಬ್ಯಾಂಕ್ ಮ್ಯಾನೇಜರ್ ಅಂತ ಯಾರರೆ ಕೇಳಿದ್ರೂ ಬಾಯಿ ತಾನಾಗೇ ಹೇಳ್ಬಿಡ್ತದ. ಮೊಬೈಲ್ ಓಟಿಪಿ ಬದ್ಲು ಟೋಕನ್ ಇಲ್ಲಾ ಡಿಜಿಟಲ್ ಸಿಗ್ನೇಚರ್ ಕೊಡೋ ಬ್ಯಾಂಕುಗಳೂ ಅವ, ಸಿಕ್ರ ತಗೋರಿ, ಆದ್ರ ಆ ಯುಎಸ್‌ಬಿ ಟೋಕನ್ ಇಡೀ ದಿನ ಕಂಪ್ಯೂಟರಿಗೆ ಚುಚ್ಚಿಟ್ಟು ಅದರ ಪಿನ್ನು ಅದರ ಮ್ಯಾಲೇ ಚೀಟಿ ಅಂಟಿಸಿ ಇಟ್ರ ಇದ್ದೂ ಇಲ್ಲದಂಗ.

ಪಗಾರ ಒಮ್ಮೆಲೆ ಹಾಕೋ ಬಲ್ಕ್ ಫೈಲಿನ ಬಗ್ಗೆನೂ ಹೇಳ್ಬೇಕು. ಎಕ್ಸೆಲ್‌ದಾಗ ಮಾಡಿ ಅಪ್‌ಲೋಡ್ ಮಾಡ್ತಾರ, ಚೆಕರ್ ಆದವರು ಟೋಟಲ್ ಒಂದೇ ನೋಡಿ ಅಪ್ರೂವ್ ಹೊಡೀತಾರ. ಟೋಟಲ್ ಅಷ್ಟೇ ಇಟ್ಟು ನಡುವಿನ ಎರಡು ಅಕೌಂಟ್ ನಂಬರ್ ಬದಲಿ ಮಾಡಿದ್ರ? ಬ್ಯಾಂಕಿನ ಸೈಟಿನ್ಯಾಗೇ ಆ ಫೈಲ್ ಒಳಗಿನ ಸಾಲು ತೆರೆದು ನೋಡೋ ಸವಲತ್ತು ಇರ್ತದ, ಹೋದ ತಿಂಗಳ ಪಟ್ಟಿ ಪಕ್ಕಕ್ಕ ಇಟ್ಟು ಹೊಸದು ಯಾವುದು ಬಂದದ ಅಂತ ನೋಡ್ರಿ ಸಾಕು.

ಲಿಮಿಟ್ಟು ಭಾಳ ಮಂದಿ ಮರೀತಾರ. ಅಕೌಂಟ್ ಓಪನ್ ಮಾಡೋವಾಗ ಬ್ಯಾಂಕಿನವರು ಫಾರ್ಮ್ ತುಂಬಿಸ್ಕೋತಾರ, ದಿನದ ಲಿಮಿಟ್ ಎಷ್ಟು ಬೇಕು ಅಂದ್ರ ಸಾವಕಾರ್ರು ದೊಡ್ಡದೇ ಬರೀರಿ ಅಂತಾರ. ಮೇ ಜೂನ್‌ದಾಗ ಮಿಲ್ಲು ತಣ್ಣಗಿದ್ದಾಗ ಅಷ್ಟು ದೊಡ್ಡ ಲಿಮಿಟ್ ಯಾಕ್ರಿ ಬೇಕು? ಸೀಜನ್‌ದಾಗ ಏರಿಸ್ಕೋರಿ, ಮುಗದ ಮ್ಯಾಲ ಲೆಟರ್ ಕೊಟ್ಟು ಇಳಿಸ್ರಿ. ಪಾರ್ಟ್‌ನರ್‌ಶಿಪ್ ಫರ್ಮ್ ಇದ್ರ ಪಾರ್ಟ್‌ನರುಗಳ ಸಹಿ ಬೇಕಾಗ್ತದ, ಕಂಪನಿ ಇದ್ರ ಬೋರ್ಡ್ ರೆಸಲ್ಯೂಷನ್ ಕೇಳ್ತಾರ, ಒಂದರ್ಧ ದಿನದ ಕೆಲಸ. ಹಂಗೇ ಯಾರರೆ ಕೆಲಸ ಬಿಟ್ಟು ಹೋದ್ರ ಅವರ ಐಡಿ ಅವತ್ತೇ ಬಂದ್ ಮಾಡಿಸ್ರಿ. ಪಾಸ್‌ವರ್ಡ್ ಬದಲಿ ಮಾಡಿ ಅದೇ ಐಡಿ ಹೊಸ ಹುಡುಗಗ ಕೊಡೋದು ನಮ್ಮ ಕಡೆ ಮಾಮೂಲಿ, ಅದೂ ಬ್ಯಾಡ, ನಾಳೆ ಯಾರು ಯಾವ ಎಂಟ್ರಿ ಹಾಕ್ಯಾರ ಅನ್ನೋದೇ ತಿಳೀವಲ್ದು.

ಈಗ ನಮ್ಮ ವ್ಯಾಪಾರದಾಗ ಎಲ್ಲಕ್ಕಿಂತ ಹೆಚ್ಚು ಹೊಡೆತ ಕೊಡೋ ಮೋಸಕ್ಕ ಬರ್ತೀನಿ, ಇದಕ್ಕ ನಿಮ್ಮ ನೆಟ್‌ಬ್ಯಾಂಕಿಂಗ್ ಹ್ಯಾಕ್ ಮಾಡೋದೂ ಬೇಕಾಗಿಲ್ಲ. ನೀವು ಮಹಾರಾಷ್ಟ್ರದಿಂದನೋ ಗುಜರಾತಿನಿಂದನೋ ಒಂದು ಮಷೀನ್ ತರಿಸ್ಲತ್ತೀರಿ, ಇಲ್ಲಾ ಚೀಲ ತರಿಸ್ತೀರಿ ಅಂತ ಇಟ್ಕೋರಿ. ನಡುವ ಒಂದು ದಿನ ಮೇಲ್ ಬರ್ತದ, 'ನಮ್ಮ ಹಳೇ ಅಕೌಂಟು ಆಡಿಟ್ ಸಲುವಾಗಿ ಬಂದ್ ಅದ, ಈ ಹೊಸ ಅಕೌಂಟಿಗೆ ಹಾಕ್ರಿ'. ಲೆಟರ್‌ಹೆಡ್ ಬರಾಬರ್, ಬಿಲ್ ನಂಬರ್ ಬರಾಬರ್, ರಕಮೂ ಬರಾಬರ್. ಹೆಂಗಂದ್ರ ಆ ಕಡೆಯವರ ಇಲ್ಲಾ ಈ ಕಡೆಯವರ ಮೇಲ್ ಒಳಗ ಯಾರೋ ಕುಂತು ಎಲ್ಲಾ ಓದ್ಲಿಕ್ಕತ್ತಿರ್ತಾರ, ಸರಿಯಾದ ಹೊತ್ತು ಕಾಯ್ದು ಬರೀತಾರ, ಮೇಲ್ ಐಡಿಯಾಗ ಒಂದೇ ಅಕ್ಷರ ಹೆಚ್ಚುಕಡಿಮಿ ಇರ್ತದ. ವಾಟ್ಸ್ಯಾಪ್ ಮ್ಯಾಲನೂ ಇದೇ ಆಟ ನಡೀತದ. ಇಲ್ಲಿ ನಿಮ್ಮ ಪಾಸ್‌ವರ್ಡ್ ಎಷ್ಟು ಗಟ್ಟಿ ಇದ್ರೂ ಉಪಯೋಗ ಇಲ್ಲ, ಯಾಕಂದ್ರ ರೊಕ್ಕ ಕಳಿಸೋರು ನೀವೇ. ಉಳಿಸೋದು ಚೆಕರ್ ಒಬ್ಬನೇ. ಅಕೌಂಟ್ ಬದಲಾತು ಅನ್ನೋ ಮಾತು ಯಾರಿಂದ ಬಂದ್ರೂ, ಆ ಮೇಲ್‌ದಾಗ ಕೊಟ್ಟ ನಂಬರಿಗೆ ಹಚ್ಚದೇ, ನಿಮ್ಮ ಹತ್ರ ಹಳೇದು ಇರ್ತದಲ್ಲ ಆ ನಂಬರಿಗೆ ಹಚ್ಚಿ, ದನಿ ಗುರ್ತಿರೋ ಮನುಷ್ಯಾನ ಜೋಡಿ ಮಾತಾಡಿ, ಆಮ್ಯಾಗ ಹೊಸ ಅಕೌಂಟಿಗೆ ಅಪ್ರೂವ್ ಕೊಡ್ರಿ. ಎದುರಿನವರು ಬ್ಯಾಸರ ಮಾಡ್ಕೋಳಂಗಿಲ್ಲ, ಅವರ ರೊಕ್ಕಾನೂ ಅದರಾಗ ಅದ.

ಇದಕ್ಕ ಈಗ ಒಂದು ಚಲೋ ಸವಲತ್ತು ಬಂದದ. ಮೊದ್ಲೆಲ್ಲಾ ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ರೊಕ್ಕ ಕಳಿಸೋ ನೆಫ್ಟ್ ಆರ್‌ಟಿಜಿಎಸ್‌ದಾಗ ರೊಕ್ಕ ಜಮಾ ಆಗೋದು ಬರೀ ಅಕೌಂಟ್ ನಂಬರ್ ಮ್ಯಾಲ, ನೀವು ಹೆಸರು ಏನು ಬರೆದ್ರೂ ಅದು ತಾಳೆ ನೋಡ್ತಿರಲಿಲ್ಲ. 2024ರ ಡಿಸೆಂಬರ್ 30ಕ್ಕ ಆರ್‌ಬಿಐ ಒಂದು ಆದೇಶ ಮಾಡ್ತು, 2025ರ ಏಪ್ರಿಲ್ 1ರ ಒಳಗ ನೆಫ್ಟ್ ಮತ್ತ ಆರ್‌ಟಿಜಿಎಸ್ ಸೇವೆ ಕೊಡೋ ಬ್ಯಾಂಕುಗಳು ಕಳಿಸೋ ಮೊದ್ಲೇ ಆ ಅಕೌಂಟ್ ಯಾರ ಹೆಸರಿನ್ಯಾಗ ಅದ ಅಂತ ತೋರಿಸ್ಬೇಕು, ಅದಕ್ಕ ಚಾರ್ಜ್ ತಗೋಬಾರ್ದು ಅಂತ. ಟ್ರೇಡಿಂಗ್ ಕಂಪನಿಗೆ ಅಂತ ಹಾಕ್ಲಿಕ್ಕೆ ಹೋದಾಗ ಯಾವುದೋ ಒಬ್ಬ ಮನುಷ್ಯಾನ ಹೆಸರು ಬಂದ್ರ ಅಲ್ಲೇ ಕೈ ನಿಂದ್ರಿಸ್ರಿ. ಹೆಸರೇ ಬರ್ಲಿಲ್ಲಂದ್ರೂ ನಿಂದ್ರಿಸ್ರಿ.

ಕೈ ನಿಂದ್ರಿಸ್ರಿ ಅಂತ ಯಾಕ ಇಷ್ಟು ಹೇಳ್ತೀನಂದ್ರ ಆರ್‌ಟಿಜಿಎಸ್ ಒಮ್ಮೆ ಹೋತಂದ್ರ ಅದು ಫೈನಲ್, ನಾವು ಬ್ಯಾಡ ಅಂದ್ರ ಹೊಳ್ಳಿ ಬರಂಗಿಲ್ಲ. 2 ಲಕ್ಷದಿಂದ ಮ್ಯಾಲಿನ ರಕಮು ಅದು, ಸಣ್ಣದಲ್ಲ. ಮತ್ತ ಮೊದ್ಲು ಬ್ಯಾಂಕಿನ ಟೈಮಿನ್ಯಾಗಷ್ಟೇ ಹೋಗ್ತಿತ್ತು, 2019ರ ಡಿಸೆಂಬರ್ 16ರಿಂದ ನೆಫ್ಟು, 2020ರ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ಸೂ ಹಗಲು ರಾತ್ರಿ, ಐತವಾರ, ಹಬ್ಬ ಏನೂ ನೋಡದೇ ನಡೀತಾವ. ವ್ಯಾಪಾರಕ್ಕ ಇದು ದೊಡ್ಡ ಅನುಕೂಲ, ಕಳ್ಳರಿಗೂ ಅಷ್ಟೇ. ಎಳ್ಳ ಅಮಾಸಿ ದಿನ ನಮ್ಮ ಕಡೆ ಇಡೀ ಊರೇ ಹೊಲಕ್ಕ ಹೋಗ್ತದ, ಭಜ್ಜಿ ಸಜ್ಜಿ ರೊಟ್ಟಿ ಕಟ್ಕೊಂಡು, ಆಫೀಸಿಗೆ ಕೀಲಿ, ಎಷ್ಟೋ ಹೊಲದಾಗ ನೆಟ್‌ವರ್ಕೂ ಸರಿ ಇರಂಗಿಲ್ಲ. ಅಂಥ ದಿನ ಅಕೌಂಟಿನಿಂದ ರೊಕ್ಕ ಹೋದ ಮೆಸೇಜ್ ಯಾರು ನೋಡ್ತಾರ್ರಿ? ಹಿಂತಾ ದಿನಗಳ ಹಿಂದಿನ ಸಂಜಿಗೆ ಪೆಂಡಿಂಗ್ ಎಲ್ಲಾ ಖಾಲಿ ಮಾಡಿ, ಮೆಸೇಜು ಇಬ್ಬರು ಪಾರ್ಟ್‌ನರ್ ಫೋನಿಗೆ ಬರೋಹಂಗ ಹಚ್ಚಿ ಇಡ್ರಿ.

ಸೈಟು ತೆಗಿಯೋ ವಿಷಯ. ಬ್ಯಾಂಕಿನ ಹೆಸರು ಗೂಗಲ್‌ದಾಗ ಹೊಡ್ದು ಮೊದ್ಲು ಬಂದದ್ದು ಒತ್ತೋ ರೂಢಿ ಬಿಡ್ರಿ, ಮ್ಯಾಲ ಬರೋದು ಎಷ್ಟೋ ಸಲ ಜಾಹೀರಾತು ಇರ್ತದ, ಅದರಾಗ ಖೊಟ್ಟಿ ಸೈಟೂ ಬಂದಿರ್ತಾವ. ಅಡ್ರೆಸ್ಸು ಒಮ್ಮೆ ಬ್ಯಾಂಕಿನವರ ಕಾಗದ ನೋಡಿ ಕೈಯಿಂದ ಟೈಪ್ ಮಾಡಿ ಬುಕ್‌ಮಾರ್ಕ್ ಮಾಡಿ ಇಟ್ರಿ ಅಂದ್ರ ಮುಗೀತು. ಕಾರ್ಪೊರೇಟ್ ಲಾಗಿನ್ ಪೇಜ್ ಬ್ಯಾರೆನೇ ಇರ್ತದ, ಸೇವಿಂಗ್ ಅಕೌಂಟಿನ ಪೇಜಿನ್ಯಾಗ ಹೊಡ್ದು ಹೊಡ್ದು ಐಡಿ ಲಾಕ್ ಮಾಡ್ಕೋಬ್ಯಾಡ್ರಿ. ಮೊದ್ಲು ಎಲ್ಲಾರೂ ಬೀಗದ ಚಿತ್ರ ಇದ್ರ ಸೈಟು ಅಸಲಿ ಅಂತ ಹೇಳ್ತಿದ್ರು, ಅದು ಪೂರ್ತಿ ಖರೆ ಅಲ್ಲ, ಬೀಗ ಅಂದ್ರ ನಡುವಿನ ದಾರಿ ಸೇಫ್ ಅದ ಅಂತ ಅಷ್ಟೇ, ಆ ಕಡೆ ತುದಿಗೆ ಕಳ್ಳನೇ ಕುಂತಿದ್ರೂ ಬೀಗ ಕಾಣ್ತದ. ಅದಕ್ಕಿಂತ ಅಡ್ರೆಸ್ಸಿನ ಕೊನಿ ನೋಡ್ರಿ. ಬ್ಯಾಂಕುಗಳಿಗೆ ಅಂತಲೇ ಡಾಟ್ ಬ್ಯಾಂಕ್ ಡಾಟ್ ಇನ್ ಅನ್ನೋ ಕೊನಿ ಕೊಟ್ಟಾರ, 2025ರ ಅಕ್ಟೋಬರ್ 31ರ ಒಳಗ ಎಲ್ಲಾ ಬ್ಯಾಂಕು ಅದಕ್ಕ ಬದಲಾಗಬೇಕು ಅಂತ ಆರ್‌ಬಿಐ ಹೇಳಿತ್ತು. ಅದು ಬ್ಯಾಂಕ್ ಬಿಟ್ಟು ಹಾದೀಬೀದಿ ಮಂದಿಗೆ ಸಿಗಂಗಿಲ್ಲ, ಐಡಿಆರ್‌ಬಿಟಿ ಅನ್ನೋ ಹೈದರಾಬಾದಿನ ಸಂಸ್ಥೆ ನೋಡಿಯೇ ಕೊಡ್ತದ, ಆರ್‌ಬಿಐನೇ ಹುಟ್ಟುಹಾಕಿದ ಸಂಸ್ಥೆ ಅದು. ಹಳೇ ಬುಕ್‌ಮಾರ್ಕ್ ಇದ್ರ ಒಮ್ಮೆ ಬದಲಿ ಮಾಡ್ಕೋರಿ.

ಕಂಪ್ಯೂಟರಿನ ಕಥಿ ಕೇಳಿದ್ರ ಹೊಟ್ಟೆಯಾಗ ತಳಮಳ ಆಗ್ತದ. ಕೋಟಿ ರೂಪಾಯಿ ಮಾಲು ಗೋದಾಮಿನ್ಯಾಗ ಇರ್ತದ, ಅಕೌಂಟ್ ನಡಿಯೋ ಕಂಪ್ಯೂಟರ್ ಮಾತ್ರ ಹಳೇದು, ಒಳಗ ಕ್ರ್ಯಾಕ್ ವಿಂಡೋಸ್, ಕ್ರ್ಯಾಕ್ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್), ಅಂದ್ರ ರೊಕ್ಕ ಕೊಡದೇ ಹಾಕಿದ ಕಳ್ಳ ಕಾಪಿ. ಆ ಕ್ರ್ಯಾಕ್ ಹಾಕೋವಾಗ ಆ್ಯಂಟಿವೈರಸ್ ಬಂದ್ ಮಾಡ್ರಿ ಅಂತ ಬರೆದಿರ್ತದ, ಯಾಕ ಬಂದ್ ಮಾಡು ಅಂತಾರ ಅಂತ ಒಂದು ಕ್ಷಣ ವಿಚಾರ ಮಾಡ್ರಿ. ವಿಂಡೋಸ್ 10ಕ್ಕ ಮೈಕ್ರೋಸಾಫ್ಟ್‌ನವರ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೇ ಮುಗದದ, ವಿಂಡೋಸ್ 7 ಇನ್ನೂ ನಡಸ್ಲತ್ತಿದ್ರ ಕೇಳೋದೇ ಬ್ಯಾಡ. ಇನ್ನೊಂದು, ಸಾಫ್ಟ್‌ವೇರ್ ಹುಡುಗ್ರು ದೂರದಿಂದ ರಿಪೇರಿ ಮಾಡ್ಲಿಕ್ಕೆ ಎನಿಡೆಸ್ಕ್ ಹಾಕಿ, ಯಾವಾಗ ಬೇಕಂದ್ರ ಅವಾಗ ಒಳಗ ಬರೋ ಪಾಸ್‌ವರ್ಡ್ ಇಟ್ಟು ಹೋಗಿರ್ತಾರ, ಕೆಲಸ ಮುಗದ ಮ್ಯಾಲ ಯಾರೂ ತೆಗ್ಯಂಗಿಲ್ಲ. ಬೇಕಾದಾಗ ಹಾಕ್ರಿ, ಎದುರಿಗೆ ಕುಂತು ಮಾಡಿಸ್ರಿ, ತೆಗೀರಿ. ನನ್ನ ಮಾತು ಕೇಳೋದಾದ್ರ ಬ್ಯಾಂಕಿಂಗ್‌ಗೆ ಒಂದು ಬ್ಯಾರೆ ಸಾದಾ ಲ್ಯಾಪ್‌ಟಾಪ್ ಇಡ್ರಿ, ಅದ್ರಾಗ ಮೇಲ್ ಬ್ಯಾಡ, ವಾಟ್ಸ್ಯಾಪ್ ವೆಬ್ ಬ್ಯಾಡ, ಯಾರ ಪೆನ್‌ಡ್ರೈವೂ ಬ್ಯಾಡ, ಬ್ರೌಸರ್‌ಗೆ ಪಾಸ್‌ವರ್ಡ್ ನೆನಪಿಟ್ಕೋ ಅನ್ನೋದೂ ಬ್ಯಾಡ. ಮಿಲ್ಲಿನ ಖರ್ಚಿನ ಮುಂದ ಇದೇನು ದೊಡ್ಡದಲ್ಲ.

ಸಾವಕಾರ್ರ ಫೋನು ಅದಕ್ಕಿಂತ ನಾಜೂಕು, ಯಾಕಂದ್ರ ಓಟಿಪಿ ಬರೋದು ಅಲ್ಲೇ. ಮದಿವಿ ಕಾರ್ಡು, ಟ್ರಾಫಿಕ್ ಚಲನ್ನು ಅಂತ ವಾಟ್ಸ್ಯಾಪಿಗೆ ಎಪಿಕೆ ಫೈಲ್ (ಫೋನಿನ್ಯಾಗ ಆ್ಯಪ್ ಹಾಕೋ ಫೈಲ್) ಬರ್ತಾವ, ಒತ್ತಿ ಪರ್ಮಿಷನ್ ಕೊಟ್ರ ಮೆಸೇಜ್ ಎಲ್ಲಾ ಕಳ್ಳರ ಕಡೆ ಹೋಗ್ತಾವ. ಮದಿವಿ ಕಾರ್ಡು ಫೋಟೋ ಇಲ್ಲಾ ಪಿಡಿಎಫ್ ಇರ್ತದ್ರಿ, ಎಪಿಕೆ ಇರೋದೇ ಇಲ್ಲ. ಫೋನಿನ ನೆಟ್‌ವರ್ಕ್ ಒಮ್ಮಿಂದೊಮ್ಮೆಲೆ ಹೋಗಿ ಬಾಜೂ ಇದ್ದವರದು ಅದೇ ಕಂಪನಿದು ನಡದದ ಅಂದ್ರ ಟವರ್ ಸಮಸ್ಯೆ ಅಂತ ಸುಮ್ನ ಕೂಡಬ್ಯಾಡ್ರಿ, ನಿಮ್ಮ ನಂಬರಿನ ಡುಪ್ಲಿಕೇಟ್ ಸಿಮ್ಮು ಬ್ಯಾರೆಯವರು ಎತ್ಸಿರಬಹುದು, ಆಗಿಂದಾಗೇ ಮೊಬೈಲ್ ಅಂಗಡಿಗೂ ಬ್ಯಾಂಕಿಗೂ ತಿಳಿಸ್ರಿ.

ಇಷ್ಟಾಗಿಯೂ ರೊಕ್ಕ ಹೋತಂದ್ರ? ಮೊದ್ಲು ಬ್ಯಾಂಕಿಗೆ ಹಚ್ಚಿ ಐಡಿ ಬ್ಲಾಕ್ ಮಾಡಿಸ್ರಿ, ಕೂಡ್ಲೇ ಸೈಬರ್ ಮೋಸದ ಹೆಲ್ಪ್‌ಲೈನ್ 1930ಕ್ಕ ಹಚ್ರಿ. ಮಾನ ಹೋಗ್ತದ, ಸಾವಕಾರ್ರ ತಮ್ಮಗ ಗೊತ್ತಾಗ್ತದ, ಪ್ಯಾಟ್ಯಾಗ ಮಂದಿ ಮಾತಾಡ್ತಾರ ಅಂತ ಕುಂತ್ರ ಕೆಲಸ ಕೆಟ್ಟಂಗ. ಕಳ್ಳರು ಒಂದು ಅಕೌಂಟಿನಿಂದ ಹತ್ತು ಅಕೌಂಟಿಗೆ ಹಂಚಿ ಎಟಿಎಂನಾಗ ತೆಗಿಯೋ ತನಾ ಅಷ್ಟೇ ಟೈಮು, ಅದರೊಳಗ ಆ ಕಡೆ ಬ್ಯಾಂಕಿಗೆ ಸುದ್ದಿ ಮುಟ್ಟಿದ್ರ ಉಳದದ್ದು ಅಲ್ಲೇ ಹಿಡದು ಇಡ್ತಾರ. ಆಮ್ಯಾಗ ಸೈಬರ್ ಕ್ರೈಂ ಪೋರ್ಟಲ್‌ದಾಗ ಬರೀರಿ, ನಮ್ಮಲ್ಲಿ ಸಿಇಎನ್ (ಸೈಬರ್ ಅಪರಾಧ ನೋಡೋ ಪೊಲೀಸ್) ಠಾಣೆ ಅದ, ಅಲ್ಲಿಗೂ ಹೋಗಿ ಬರ್ರಿ.

2017ರ ಜುಲೈ 6ಕ್ಕ ಆರ್‌ಬಿಐ ಒಂದು ಸುತ್ತೋಲೆ ಹೊರಡಿಸ್ಯಾದ, ಅದನ್ನ ಮಿಲ್ಲಿನವರು ಓದೇ ಇಲ್ಲ. ಆ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ, ನಡುವ ಎಲ್ಲೋ ಸೋರ್ಯಾದ ಅಂತಿದ್ರ, ಬ್ಯಾಂಕಿನ ಮೆಸೇಜ್ ಬಂದು 3 ವರ್ಕಿಂಗ್ ದಿನದೊಳಗ ತಿಳಿಸಿದ್ರ ನಿಮ್ಮ ಮ್ಯಾಲ ಒಂದು ರೂಪಾಯಿ ಹೊರಿ ಇಲ್ಲ. 4ರಿಂದ 7 ವರ್ಕಿಂಗ್ ದಿನದಾಗ ತಿಳಿಸಿದ್ರ ಸಣ್ಣ ಉದ್ಯಮಗಳ ಕರೆಂಟ್ ಅಕೌಂಟಿಗೆ, ಸಿಸಿ, ಓಡಿ ಅನ್ನೋ ಸಾಲದ ಅಕೌಂಟಿಗೆ ಒಂದು ವ್ಯವಹಾರಕ್ಕ ಹೆಚ್ಚಂದ್ರ 10,000, ದೊಡ್ಡ ಫರ್ಮ್‌ಗಳದಕ್ಕ 25,000 ತನಾ ಹೊರಿ. ಆದ್ರ ಪಾಸ್‌ವರ್ಡು ಓಟಿಪಿ ನೀವೇ ಇನ್ನೊಬ್ಬರಿಗೆ ಕೊಟ್ಟು ಅದರಿಂದ ಹೋತು ಅಂದ್ರ, ನೀವು ಬ್ಯಾಂಕಿಗೆ ತಿಳಿಸೋ ತನಾ ಆದ ಲುಕ್ಸಾನ ಪೂರ್ತಿ ನಿಮ್ಮದೇ. ಹಂಗ ಅಂತ ಬ್ಯಾಂಕಿನವರೇ ಸಾಬೀತು ಮಾಡ್ಬೇಕು ಖರೇ, ಆದ್ರ ಚೆಕರ್ ಐಡಿ ದಿನಾ ಮುನೀಮರ ಕಂಪ್ಯೂಟರಿನಿಂದಲೇ ಲಾಗಿನ್ ಆಗ್ಯಾದ ಅಂತ ಅವರ ರೆಕಾರ್ಡಿನ್ಯಾಗ ಇದ್ದೇ ಇರ್ತದ, ಸಾಬೀತು ಮಾಡ್ಲಿಕ್ಕೆ ಎಷ್ಟು ಹೊತ್ತು ಬೇಕ್ರಿ?

ಸಣ್ಣ ಮಿಲ್ಲಿನವರು ಕೇಳ್ತಾರ, ನಾನೊಬ್ಬನೇ ಮಾಲಕ, ಎರಡನೇ ಮನುಷ್ಯಾನ ಎಲ್ಲಿಂದ ತರ್ಲಿ ಅಂತ. ಮನಿಯಾಗ ಹೆಣ್ತಿ ಅದಾರ, ಡಿಗ್ರಿ ಮುಗ್ಸಿದ ಮಗಳು ಅದಾಳ, ಅವರಿಗೆ ಮೇಕರ್ ಐಡಿ ಕೊಟ್ಟು ಎಂಟ್ರಿ ಹಾಕಿಸ್ರಿ, ಬೇಕಾದ ಕಾಗದ ಬ್ಯಾಂಕಿಗೆ ಕೊಟ್ರ ಮಾಡಿ ಕೊಡ್ತಾರ, ಒಂದೆರಡು ವಾರದಾಗ ನಿಮಗಿಂತ ಚಲೋ ಕಲೀತಾರ. ಅದೂ ಆಗಂಗಿಲ್ಲಂದ್ರ ನೆಟ್‌ಬ್ಯಾಂಕಿಂಗ್ ಲಿಮಿಟ್ ದಿನದ ಬಾಡಗಿ, ಬಿಲ್ಲಿನಷ್ಟಕ್ಕೇ ಇಳಿಸಿಡ್ರಿ, ದೊಡ್ಡ ರಕಮು ಬ್ರಾಂಚಿಗೆ ಹೋಗಿ ಚೆಕ್ ಜೋಡಿ ಆರ್‌ಟಿಜಿಎಸ್ ಫಾರ್ಮ್ ತುಂಬಿ ಕೊಟ್ಟು ಬರ್ರಿ, ಅದು ಇನ್ನೂ ನಡೀತದ, ಸೀಜನ್‌ದಾಗ ಮಧ್ಯಾಹ್ನ ಗದ್ದಲ ಇರ್ತದ, ಮುಂಜಾನೆ ಬ್ಯಾಂಕ್ ತೆಗದ ಕೂಡ್ಲೇ ಹೋದ್ರ ಜಲ್ದಿ ಆಗ್ತದ.